ಸುಣ್ಣದ ಗೆರೆ ಎಳೆದ ಮೇಡಂ

ಚಳ್ಳಕೆರೆಯ ದೊಡ್ಡ ರಸ್ತೆಯಲ್ಲಿ ನನ್ನದೊಂದು ಎಣ್ಣೆ ಅಂಗಡಿಯಿದೆ. ಅದರ ಮುಂದೆ ಇವತ್ತಿಗೂ ಒಂದು ಸ್ಕೂಟರ್ ನಿಲ್ಲಿಸಲು ಜಾಗವಿಲ್ಲ. ಗಿರಾಕಿಗಳು ಗೊಣಗುತ್ತಾರೆ, ಅವರ ಜೊತೆ ನಾನೂ ಗೊಣಗುತ್ತೇನೆ. ಆ ಜಾಗ ಕಿತ್ತುಕೊಂಡವರ ಬಗ್ಗೆಯೇ ಈಗ ನಾಲ್ಕು ಒಳ್ಳೆಯ ಮಾತು ಬರೆಯಲು ಕೂತಿದ್ದೇನೆ. ಇದನ್ನು ನೋಡಿ ನನ್ನ ಹೆಂಡತಿ, "ಅವ್ರನ್ನ ಬೈದಿದ್ದೂ ಬರೀತೀರೋ, ಅದನ್ನ ನುಂಗ್ತೀರೋ?" ಎಂದು ಕೇಳಿದಳು. ಯಾಕೆ ನುಂಗಲಿ, ಬರೆಯುತ್ತೇನೆ. ಅವತ್ತು ಬೈದಿದ್ದರಲ್ಲಿ ಅರ್ಧವನ್ನು ಈಗಲೂ ಬೈಯುತ್ತೇನೆ.

ಅವರು ನಿವೃತ್ತರಾಗಿ ಕೆಲವು ತಿಂಗಳಾಯಿತು. ಕಚೇರಿಯಲ್ಲಿ ಸಮಾರಂಭ ಮಾಡಿದರು. ಶಾಲು, ಗಂಧದ ಹಾರ, ಸೇಬಿನ ಬುಟ್ಟಿ ಎಲ್ಲ ಇತ್ತು. ಮಾತಾಡಿದವರೆಲ್ಲ ದಕ್ಷ, ಪ್ರಾಮಾಣಿಕ, ಸರಳ ಎಂದರು. ಯಾವ ಇಂಜಿನಿಯರ್ ನಿವೃತ್ತರಾದರೂ ಹೇಳಬಹುದಾದ ಮಾತುಗಳು. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಕಸಿವಿಸಿಯಾಯಿತು. ಅಷ್ಟು ಜನರಲ್ಲಿ ಒಬ್ಬರಾದರೂ ಆ ಸುಣ್ಣದ ಡಬ್ಬಿಯ ಮಾತೆತ್ತಲಿಲ್ಲ.

ಡಬ್ಬಿಯಿಂದಲೇ ಶುರು ಮಾಡುತ್ತೇನೆ. ಒಂದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದರೆ, ನನ್ನ ಗಿರಾಕಿಗಳು ಗಾಡಿ ನಿಲ್ಲಿಸುವ ಜಾಗದ ನಡುವೆ ಬೆಳ್ಳಗೆ ಒಂದು ಗೆರೆ. ಈ ತುದಿಯಿಂದ ಆ ತುದಿಗೆ, ಬಸ್ ಸ್ಟ್ಯಾಂಡಿನ ತನಕ ಹೋಗಿದೆ. ನಾನು ಬೀದಿಗೆ ಕೇಳುವ ಹಾಗೆ, "ಯಾರ್ರೀ ಇದು ಗೆರೆ ಎಳ್ದೋರು?" ಎಂದು ಕೂಗಿದೆ. ಎದುರಿನ ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಂಕುಳಲ್ಲಿ ಛತ್ರಿ ಇಟ್ಟುಕೊಂಡು ಕಾಫಿ ಕುಡಿಯುತ್ತಿದ್ದರು. ಕಾಲ ಬಳಿ ತಳಕ್ಕೆ ತೂತು ಹೊಡೆದ ಪೇಂಟಿನ ಡಬ್ಬಿ.

"ನಾನೇ ರೀ," ಎಂದರು. "ಬರ್ರಿ, ಬೈರಿ. ಬೈಯೋರು ಬರ್ಲಿ ಅಂತ್ಲೇ ಕಾಯ್ತಾ ಇದೀನಿ."

ಬೈದೆ. ಅವರು ಕಾಫಿ ಮುಗಿಸುವವರೆಗೂ ಬೈದೆ. ಆಮೇಲೆ ಅವರು ಎದ್ದು ಬಂದು, ತಾವು ಪಟ್ಟಣದ ಸಾರಿಗೆ ಯೋಜನೆಯ ಇಂಜಿನಿಯರ್ ಎಂದೂ, ಗೆರೆಯ ಆಚೆಗಿನ ಪಟ್ಟಿ ಇನ್ನು ಬಸ್ಸಿಗೆ ಮಾತ್ರವೆಂದೂ ಹೇಳಿದರು. ಅವರ ಊರು ಮೊಳಕಾಲ್ಮುರು. ಓದುವಾಗ ದಿನಾ ಅಲ್ಲಿಂದ ಬಸ್ಸಿನಲ್ಲಿ ಚಳ್ಳಕೆರೆಗೆ ಬರುತ್ತಿದ್ದರಂತೆ. ಊರ ಹೊರಗಿನವರೆಗೆ ಗಾಳಿಯ ಹಾಗೆ ಬಂದ ಬಸ್ಸು ನಮ್ಮ ಬೀದಿಗೆ ಹೊಕ್ಕರೆ ಮುಗಿಯಿತು, ಲಾರಿ, ಗಾಡಿ, ತಳ್ಳುಬಂಡಿಗಳ ನಡುವೆ ತೆವಳುತ್ತಿತ್ತು. "ಮೊದಲ್ನೇ ಪೀರಿಯಡ್ಡಲ್ಲಿ ಮೇಷ್ಟ್ರು ಏನ್ ಪಾಠ ಮಾಡ್ತಿದ್ರು ಅಂತ ನನಗೆ ಇವತ್ತಿಗೂ ಗೊತ್ತಿಲ್ರಿ," ಎಂದರು. "ನಿಮ್ಮ ಅಂಗಡಿ ಬೋರ್ಡು ಮಾತ್ರ ಬಾಯಿಪಾಠ ಆಗೈತೆ."

ಅವರ ಕೆಲಸದ ರೀತಿಯೇ ಹಾಗೆ. ನಕ್ಷೆ ಬರೆಯುವ ಮೊದಲು ರಸ್ತೆಯ ಮೇಲೆ ಸುಣ್ಣ ಚೆಲ್ಲಿ ಗೆರೆ ಹಾಕುವುದು, ಆಮೇಲೆ ಕಟ್ಟೆಯ ಮೇಲೆ ಕೂತು ಯಾರು ಬಂದು ಜಗಳವಾಡುತ್ತಾರೆ ಎಂದು ನೋಡುವುದು. "ನಕ್ಷೆ ಕಚೇರಿಯಾಗೆ ಸುಮ್ಮನೆ ಬಿದ್ದಿರ್ತೈತೆ, ಅದರ ಜೊತೆ ಯಾರೂ ಜಗಳ ಆಡಲ್ಲ. ಗೆರೆ ಕಂಡ್ರೆ ಆಡ್ತಾರೆ. ಕಾಂಕ್ರೀಟ್ ಹಾಕಿದ್ಮೇಲೆ ಆಡೋ ಜಗಳ ಈಗಲೇ ಆಡಿಬಿಡ್ಲಿ." ಹೂವಿನವಳು ಬಂದು ಅತ್ತರೆ ಅವಳ ಬುಟ್ಟಿಗೆ ಜಾಗ ಬಿಟ್ಟು ಗೆರೆ ಬಾಗುತ್ತಿತ್ತು. ಬಾಳೆಹಣ್ಣಿನ ಸಾಬರು ಬಂದು, "ಮೇಡಂ, ಜರಾ ಇಸ್ ತರಫ್," ಎಂದು ಈಚೆಗೆ ಕೈ ತೋರಿಸಿದರೆ ಮತ್ತೊಮ್ಮೆ ಬಾಗುತ್ತಿತ್ತು. ಪ್ರತಿ ಸಲವೂ ಪೊರಕೆಯಿಂದ ಹಳೆಯ ಗೆರೆ ಗುಡಿಸಿ, "ಸುಣ್ಣ ತಾನೆ, ಒರೆಸಿದ್ರಾಯ್ತು," ಎನ್ನುತ್ತಿದ್ದರು. ಆ ಮಾತನ್ನು ನಾನು ಅವರ ಬಾಯಿಂದ ಎಷ್ಟು ಸಲ ಕೇಳಿದ್ದೇನೋ.

ನನ್ನ ಅಂಗಡಿಯ ಮುಂದೆ ಮಾತ್ರ ಗೆರೆ ಅಲುಗಲಿಲ್ಲ. ಕಾರಣ ಕೇಳಿದೆ. "ನಿಮ್ಮ ಗಿರಾಕಿಗಳು ಬಸ್ಸಲ್ಲೇ ಬರೋದು ರೀ. ತಳಕಿನ ಬಸ್ಸಿಂದ ಎಣ್ಣೆ ಡಬ್ಬಿ ಹಿಡ್ಕೊಂಡು ಇಳಿಯೋ ಹೆಂಗಸ್ರು ಎಲ್ಲಿಗ್ ಹೋಗ್ತಾರೆ ಅಂತ ನಾನು ಇಲ್ಲೇ ಕೂತು ನೋಡೀನಿ. ಸ್ಕೂಟರ್ ನಿಲ್ಸೋರು ಪಕ್ಕದ ಹೋಟ್ಲಿಗೆ ದೋಸೆಗೆ ಹೋಗ್ತಾರೆ." ಮಾತೇನೋ ನಿಜವೇ. ಆದರೆ ನಿಜ ಹೇಳಿದವರನ್ನೆಲ್ಲ ಒಪ್ಪಿಕೊಳ್ಳುತ್ತಾ ಕೂತರೆ ವ್ಯಾಪಾರ ನಡೆಯುವುದಿಲ್ಲ. ನಾನು ಮುಖ ಗಂಟಿಕ್ಕಿಕೊಂಡೇ ಇದ್ದೆ, ಅವರು ದಿನಾ ಬಂದು ನನ್ನ ಕಟ್ಟೆಯ ಮೇಲೆಯೇ ಕಾಫಿ ತರಿಸಿಕೊಂಡು ಕುಡಿಯುತ್ತಿದ್ದರು. ಹೀಗೆ ನಮ್ಮ ಸ್ನೇಹ ಬೆಳೆಯಿತು.

ಅವರ ಇನ್ನೊಂದು ಅಭ್ಯಾಸ ಹೇಳಬೇಕು. ಯಾವುದನ್ನೇ ನೋಡಲಿ, ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಮೇಜಿನ ಅಂಚು, ಫುಟ್‌ಪಾತಿನ ಕಲ್ಲಿನ ಅಂಚು, ನನ್ನ ಹೆಂಡತಿಯ ಸೀರೆಯ ಅಂಚು. ಅವರ ತಾಯಿ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವರು. ಮಗ್ಗದ ಪಕ್ಕದಲ್ಲೇ ಬೆಳೆದ ಹುಡುಗಿಗೆ ಅಂಚು ಮುಟ್ಟಿ ನೋಡುವ ಚಟ ಅಂಟಿಕೊಂಡಿತ್ತು. "ನಮ್ಮಮ್ಮ ಸೀರೆ ಒಡಲು ನೋಡ್ತಾನೇ ಇರ್ಲಿಲ್ರಿ, ಮೊದ್ಲು ಅಂಚು ನೋಡೋಳು. ರಸ್ತೆನೂ ಅಷ್ಟೇ. ನಡುವೆ ಹೋಗೋ ಕಾರು, ಲಾರಿ ಹೆಂಗಾದ್ರೂ ಹೋಗ್ತಾವೆ. ಅಂಚಲ್ಲಿ ಹೋಗೋರು ಸೈಕಲ್ಲಿನೋರು, ನಡೆಯೋರು. ಆ ಅಂಚು ಗಟ್ಟಿ ಮಾಡ್ಬೇಕು." ಲೆಕ್ಕ ತಪ್ಪಿದಾಗ, ಸಿಟ್ಟು ಬಂದಾಗ ಮಾತ್ರ ಗಡಿಯ ತೆಲುಗು ಹೊರಗೆ ಬರುತ್ತಿತ್ತು. "ಏಂದಬ್ಬಾ ಇದಿ," ಎಂದು, ಅಂದರೆ ಏನಪ್ಪಾ ಇದು ಎಂದು, ಅವರು ಹಣೆ ಒತ್ತಿಕೊಂಡರೆ ಕಂಟ್ರಾಕ್ಟರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಇಷ್ಟೆಲ್ಲ ಸೈಕಲ್ಲಿನ ಮಾತಾಡುವ ಅವರಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಒಮ್ಮೆ ಅದನ್ನು ಹಿಡಿದು ಛೇಡಿಸಿದೆ. "ಬಿದ್ದು ಕಲೀಬೇಕಲ್ಲ ರೀ," ಎಂದರು. "ನಮ್ಮೂರಾಗೆ ಎಲ್ಲಿ ಬಿದ್ರೂ ಬಂಡೆ."

ಯೋಜನೆಯ ಎರಡನೆಯ ಭಾಗ ಸೈಕಲ್ ದಾರಿ. ನನ್ನಿವಾಳ ಎಂಬ ಹಳ್ಳಿಯ ಕಡೆಯಿಂದ ಪೇಟೆಯ ಕಾಲೇಜಿನವರೆಗೆ, ರಸ್ತೆಯ ಮಗ್ಗುಲಲ್ಲಿ, ಲಾರಿ ಹತ್ತದ ಹಾಗೆ ಅಂಚುಕಲ್ಲು ಕಟ್ಟಿದ ನುಣುಪಾದ ದಾರಿ. ಸರ್ಕಾರದ ದುಡ್ಡು ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನಲ್ಲಿ ಆಗುವಷ್ಟು ಮಾಡಿ ತೋರಿಸಬೇಕು. ಜನ ಅದನ್ನು ಬಳಸುತ್ತಿದ್ದಾರೆ ಎಂದು ಬೆಂಗಳೂರಿನಿಂದ ಸಾಹೇಬರು ಬಂದು ನೋಡಿ ಒಪ್ಪಿದರೆ ಮಾತ್ರ ಎರಡನೆಯ ಕಂತು. ಎಲ್ಲರೂ ಪೇಟೆಯ ಕಡೆಯಿಂದ ಶುರು ಮಾಡಿ ಎಂದರು. ಮೇಡಂ ಹಳ್ಳಿಯ ಕಡೆಯಿಂದ ಶುರು ಮಾಡಿದರು.

"ಪೇಟೆಯಿಂದ ಶುರು ಮಾಡಿದ್ರೆ ಪೇಟೆ ಮುಗಿಯೋ ಹೊತ್ತಿಗೆ ದುಡ್ಡೂ ಮುಗೀತೈತೆ, ಆಸಕ್ತಿನೂ ಮುಗೀತೈತೆ," ಎಂದರು ನನ್ನ ಕಟ್ಟೆಯ ಮೇಲೆ ಕೂತು. "ಹಳ್ಳಿಯಿಂದ ಶುರು ಮಾಡಿದ್ರೆ ಕೊನೇ ತುಂಡು ಪೇಟೆಯೋರದ್ದು. ಅದನ್ನ ಪೂರ್ತಿ ಮಾಡ್ಸೋಕೆ ಪೇಟೆಯೋರೇ ಗಂಟು ಬೀಳ್ತಾರೆ." ಭಲೇ ಬುದ್ಧಿ ಎಂದುಕೊಂಡೆ. ಆ ಬುದ್ಧಿಯೇ ಅವರಿಗೆ ಉರುಳಾಗಲಿತ್ತು. ಅದಕ್ಕೆ ಕಾರಣ ನಮ್ಮವ್ವ.

ನನ್ನಿವಾಳದಲ್ಲಿ ನಮಗೆ ಜಮೀನಿದೆ. ಅವ್ವ ಅಲ್ಲೇ ಇರುತ್ತಾಳೆ, ಪೇಟೆಗೆ ಬಾ ಎಂದರೆ ಇಲ್ಲಿ ಉಸಿರು ಕಟ್ಟುತ್ತದೆ ಎನ್ನುತ್ತಾಳೆ. ಆ ವರ್ಷ ಶೇಂಗಾ ಚೆನ್ನಾಗಿ ಬಂದಿತ್ತು. ಕಿತ್ತು, ಬಿಡಿಸಿ, ಒಣಗಿಸಬೇಕು. ನಮ್ಮ ಕಡೆ ಟಾರು ರಸ್ತೆ ಎಂದರೆ ಅರ್ಧ ಕಣವೇ. ರಾಗಿ, ಹುರುಳಿ ಎಲ್ಲ ರಸ್ತೆಗೆ ಹರವುವುದು, ಬಸ್ಸು ಲಾರಿ ಅದರ ಮೇಲೆ ಓಡಾಡಿ ತುಳಿದು ಕೊಡುವುದು ರೂಢಿ. ಆದರೆ ಶೇಂಗಾ ಹರವಿದರೆ ಲಾರಿ ಹಾದು ಪುಡಿಯಾಗುತ್ತದೆ. ಹೀಗಿರುವಾಗ ಊರ ಬಾಗಿಲಿಗೆ ಯಾರೋ ಲಾರಿಯೇ ಬರದ, ಎರಡೂ ಕಡೆ ಅಂಚು ಕಟ್ಟಿದ, ಮಣ್ಣಿಲ್ಲದ ಉದ್ದನೆಯ ಹಾಸು ಹಾಕಿಕೊಟ್ಟರೆ ಅವ್ವ ಏನು ಮಾಡಬೇಕು? ಕೂಲಿಗೆ ಬರುವ ರತ್ನಮ್ಮನನ್ನು ಕರೆದು, "ಹರವೇ, ಸರ್ಕಾರ ಕಣ ಕೊಟ್ಟೈತೆ," ಎಂದಳು. ಅವ್ವ ಹರವಿದ್ದು ನೋಡಿ ಊರೆಲ್ಲ ಹರವಿತು.

ಸುದ್ದಿ ಕೇಳಿ ಮೇಡಂ ನನ್ನನ್ನೂ ಕರೆದುಕೊಂಡು ಹೋದರು. ಕಣ್ಣು ಹಾಯುವಷ್ಟು ದೂರ ಶೇಂಗಾ. ನಾನು ನೆಲ ನೋಡಿಕೊಂಡು ನಿಂತೆ, ಏಕೆಂದರೆ ಮುಂದಿನ ರಾಶಿಯೇ ನಮ್ಮದು. ಶಾಲೆಗೆ ಹೋಗುವ ಮಕ್ಕಳು ಸೈಕಲ್ ಇಳಿದು ಲಾರಿಗಳ ಪಕ್ಕದಲ್ಲಿ ತಳ್ಳಿಕೊಂಡು ಹೋಗುತ್ತಿದ್ದರು.

"ಏಂದಬ್ಬಾ ಇದಿ," ಎಂದರು ಮೇಡಂ.

ಅವ್ವ ರಾಶಿಯ ಪಕ್ಕದಲ್ಲಿ ಕೂತಲ್ಲೇ, "ಬಾರಮ್ಮ," ಎಂದಳು. "ಭಾಳ ಚಂದ ಮಾಡ್ಸೀಯ. ಇನ್ನೊಂಚೂರು ಅಗಲ ಇರ್ಬೇಕಿತ್ತು."

"ಅವ್ವಾ, ಇದು ಸೈಕಲ್ಲಿಗೆ ಮಾಡ್ಸಿದ್ದು."

"ಸೈಕಲ್ಲು ದಿನವೆಲ್ಲಾ ಓಡ್ತಾವಾ? ಬೆಳಿಗ್ಗೆ ಒಂದ್ ಹೊತ್ತು ಹೋಗ್ತಾವೆ, ಸಂಜಿಗೆ ಬರ್ತಾವೆ. ನಡುವೆ ಈ ಬಿಸಿಲು ಸುಮ್ನೆ ಬೀಳ್ತೈತಲ್ಲ, ಅದನ್ನ ಯಾರಿಗ್ ಕೊಡ್ತೀಯಾ?"

ಮೇಡಂ ಅಂಚುಕಲ್ಲಿನ ಮೇಲೆ ಕೂತು ಹೆಬ್ಬೆರಳು ಆಡಿಸತೊಡಗಿದರು. ಆಗ ರತ್ನಮ್ಮ ಮೆಲ್ಲಗೆ ತನ್ನ ಮಾತು ಹೇಳಿದಳು. ಅವಳ ಮಗಳು ಪೇಟೆಯ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು. ದಾರಿ ಈಗ ಲಾರಿಗಳ ತೂಕದ ಕಟ್ಟೆಯ ಹತ್ತಿರ ನಿಂತುಹೋಗಿದೆ. ಅಲ್ಲಿಂದ ಪೇಟೆಯವರೆಗೆ ಎಣ್ಣೆ ಗಿರಣಿಯ ಲಾರಿಗಳ ನಡುವೆಯೇ ಹೋಗಬೇಕು. "ಅವ್ರಪ್ಪ ಹೇಳ್ಬಿಟ್ಟೈತ್ರಿ. ಹತ್ತನೇದು ಮುಗೀಲಿ, ಅಷ್ಟೇ ಸಾಕು, ಕಾಲೇಜಿಗೆ ಆ ಲಾರಿ ಮಧ್ಯೆ ಕಳ್ಸಲ್ಲ ಅಂತ. ದಾರಿ ಪೂರ್ತಿ ಆದ್ರೆ ಮಾತ್ರ ಕಳಿಸ್ತೀನಿ ಅಂತೈತೆ." ಹಾಗೆ ಹೇಳುತ್ತಲೇ ಅವಳು ಅದೇ ದಾರಿಯ ಮೇಲೆ ಶೇಂಗಾ ಕೆದರುತ್ತಿದ್ದಳು. ಸಾಹೇಬರು ಈ ಕಣ ನೋಡಿದರೆ ದಾರಿ ಪೂರ್ತಿಯಾಗುವುದಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೇಡಂ ಹೇಳಿದರು. ಹೆಂಗಸರೆಲ್ಲ ಕೈ ನಿಲ್ಲಿಸಿದರು. ಅವ್ವ ಸ್ವಲ್ಪ ಹೊತ್ತು ಸೊಪ್ಪಿನ ಹಾಗೆ ಬಾಡಿ ಕೂತಳು. ಮೇಡಂ ಎದ್ದು ಜೀಪಿನಿಂದ ಸುಣ್ಣದ ಡಬ್ಬಿ ತಂದರು. ಈಗ ಅವರು ದಾರಿಯ ನಡುವೆ ಗೆರೆ ಎಳೆದು ಅರ್ಧ ನಿಮಗೆ, ಅರ್ಧ ಸೈಕಲ್ಲಿಗೆ ಎನ್ನುತ್ತಾರೆ ಎಂದುಕೊಂಡೆ. ಅವರು ಹಾಗೆ ಮಾಡಲಿಲ್ಲ. ಊರ ಮುಂದಿನ ಬೇವಿನ ಮರದ ನೆರಳು ಅಂಗಳದಲ್ಲಿ ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ಅವ್ವನನ್ನೇ ಕೇಳಿ, ನೆಲದ ಮೇಲೆ ಎರಡು ಗೆರೆ ಹಾಕಿದರು. ನೆರಳು ಈ ಗೆರೆಗೆ ಬಂದ ಮೇಲೆ ಹರವಬೇಕು, ಆ ಗೆರೆ ಮುಟ್ಟುವ ಮೊದಲು ಬಳಿದು ರಾಶಿ ಮಾಡಬೇಕು. ಬೆಳಗಿನ ಹೊತ್ತು, ಇಳಿಹೊತ್ತು ಮಕ್ಕಳದ್ದು. ನೆತ್ತಿಯ ಬಿಸಿಲು ಶೇಂಗಾದ್ದು.

"ತಪ್ಪಿದ್ರೆ?" ಎಂದೆ ನಾನು.

"ತಪ್ಪಿದ್ರೆ ನಾನಿದೀನಿ ಕಣಲೇ," ಎಂದಳು ಅವ್ವ.

ಒಂದು ದಿನವೂ ತಪ್ಪಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೋಡವಾದ ದಿನ ನೆರಳೇ ಬೀಳದೆ ದೊಡ್ಡ ಜಗಳವಾಯಿತಂತೆ. ಆದರೆ ಹೆಂಗಸರೇ ಅದನ್ನು ನಡೆಸಿಕೊಂಡು ಹೋದರು. ಅವ್ವ ಪೊರಕೆ ಹಿಡಿದು ಕೊನೆಯ ಕಾಯಿಯವರೆಗೂ ಗುಡಿಸುತ್ತಿದ್ದಳು, ಸೈಕಲ್ಲಿನ ಚಕ್ರಕ್ಕೆ ಸಿಕ್ಕರೆ ಕಾಯಿ ಹಾಳು ಎಂದು.

ಸಾಹೇಬರು ಬರುವ ದಿನ ಗೊತ್ತಾಯಿತು. ಅವರು ಬೆಳಿಗ್ಗೆಯೇ ಬರುತ್ತಾರೆ ಎಂದಿದ್ದರು, ಆ ಹೊತ್ತಿಗೆ ದಾರಿ ತುಂಬ ಸೈಕಲ್ಲುಗಳಿರುತ್ತವೆ. ಆದರೂ ನನಗೆ ಭಯ. "ಒಂದಿನ ಹರವಬೇಡಿ ಅಂತ ಹೇಳಿಬಿಡಿ ಮೇಡಂ," ಎಂದೆ. ಅವ್ವನೂ ಒಪ್ಪಿಕೊಂಡಿದ್ದಳು. ಮೇಡಂ ಒಪ್ಪಲಿಲ್ಲ. "ಇವತ್ತು ಗುಡಿಸಿ ತೋರಿಸ್ತೀನಿ, ಮುಂದಿನ ಸುಗ್ಗಿಗೆ ಯಾರಾದ್ರೂ ಫೋಟೋ ತೆಗ್ದು ಕಳಿಸ್ತಾರೆ. ಆಗ ನಾನು ಇರಲ್ಲ, ನಿವೃತ್ತಿ ಆಗಿರ್ತೀನಿ. ಉತ್ತರ ಕೊಡೋರು ಯಾರು? ಇರೋದನ್ನ ಇದ್ದಂಗೆ ನೋಡ್ಲಿ."

ಸಾಹೇಬರ ಕಾರು ದಾರಿಯಲ್ಲಿ ಪಂಕ್ಚರ್ ಆಗಿ, ಅವರು ಬಂದಿಳಿದದ್ದು ಸರಿಯಾಗಿ ನಡು ಮಧ್ಯಾಹ್ನ. ಒಂದೇ ಒಂದು ಸೈಕಲ್ಲಿಲ್ಲ, ದಾರಿಯ ಉದ್ದಕ್ಕೂ ಶೇಂಗಾ.

"ಏನ್ರೀ ಇದು, ಸೈಕಲ್ ಪಥಾನೋ ಕಣಾನೋ?" ಎಂದರು ಸಾಹೇಬರು.

"ಈಗ ಕಣ ಸಾರ್," ಎಂದರು ಮೇಡಂ. "ಶಾಲೆ ಬಿಡೋ ಹೊತ್ತಿಗೆ ಸೈಕಲ್ ದಾರಿ. ಅಲ್ಲಿವರೆಗೆ ಇದ್ರೆ ಎರಡೂ ನೋಡ್ಬಹುದು."

ಸಾಹೇಬರು ಗಡಿಯಾರ ನೋಡಿಕೊಂಡು ಕಾರಿನ ಕಡೆ ತಿರುಗಿದರು. ಬಾಗಿಲಿಗೆ ಅಡ್ಡವಾಗಿ ಅವ್ವ ನಿಂತಿದ್ದಳು, ಕೈಯಲ್ಲಿ ಬೇಯಿಸಿದ ಶೇಂಗಾದ ತಟ್ಟೆ. "ಬಿಸಿಲಾಗೆ ಬಂದೀಯಾ, ಕುಂತ್ಕಳಪ್ಪ. ಹೊಟ್ಟಿಗೆ ಏನಾದ್ರೂ ಹಾಕ್ಕೊಂಡು ಹೋಗ್ತೀಯಂತೆ." ಅವ್ವನನ್ನು ದಾಟಿ ಕಾರು ಹತ್ತಿದವರನ್ನು ನಾನಂತೂ ನೋಡಿಲ್ಲ. ಸಾಹೇಬರು ಬೇವಿನ ಮರದ ಕೆಳಗೆ ಕೂತರು. ಒಳ್ಳೆಯ ಮನುಷ್ಯ, ಕೂತ ಮೇಲೆ ತಿಂದರು, ತಿನ್ನುತ್ತಾ ನೆಲದ ಮೇಲಿನ ಗೆರೆಗಳು ಏನೆಂದು ಕೇಳಿದರು. ಅವ್ವ ವಿವರಿಸಿದಳು. ಮೇಡಂ ದೂರದಲ್ಲಿ ನಿಂತು ಛತ್ರಿಯ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ನೆರಳು ಎರಡನೆಯ ಗೆರೆಯ ಹತ್ತಿರ ಬಂತು. ಯಾರೂ ಹೇಳಲಿಲ್ಲ, ಹೆಂಗಸರೇ ಎದ್ದರು. ಬಳಿದರು, ರಾಶಿ ಮಾಡಿದರು, ಗುಡಿಸಿದರು. ಸಾಹೇಬರು ಎದ್ದು ನಿಂತು ನೋಡಿದರು. ದಾರಿ ಖಾಲಿಯಾದ ಸ್ವಲ್ಪ ಹೊತ್ತಿಗೆ ದೂರದಲ್ಲಿ ಬೆಲ್ಲಿನ ಸದ್ದು ಕೇಳಿಸಿತು, ಆಮೇಲೆ ಸೈಕಲ್ಲುಗಳು ಕಂಡವು, ಒಂದರ ಹಿಂದೆ ಒಂದು. ಸಾಹೇಬರು ತೂಕದ ಕಟ್ಟೆಯವರೆಗೆ ನೋಡಬೇಕು ಎಂದರು. ಎಲ್ಲರೂ ಹೋದೆವು. ಅಲ್ಲಿ ರತ್ನಮ್ಮನ ಮಗಳು ಹಿಂದೆ ಉಳಿದವಳು, ಲಾರಿಗಳ ನಡುವಿನಿಂದ ಸೈಕಲ್ ತಳ್ಳಿಕೊಂಡು ಬೆವರುತ್ತಾ ಬಂದಳು. ದಾರಿ ಸಿಕ್ಕ ಕೂಡಲೇ ಏರಿ ಕೂತಳು.

"ಅಲ್ಲಿಂದ ತಳ್ಕೊಂಡೇ ಬಂದ್ಯಾ?" ಎಂದರು ಸಾಹೇಬರು.

"ಹೂಂ ಸಾರ್. ಇಲ್ಲಿಗ್ ಬಂದ್ಮೇಲೆ ಹತ್ತು ಅಂತ ಅಪ್ಪ ಹೇಳೈತೆ."

ಸಾಹೇಬರು ಹೋಗುವಾಗ ಅವ್ವ ಅವರ ಕಾರಿಗೆ ಒಂದು ಚೀಲ ಶೇಂಗಾ ಹಾಕಿಸಲು ನೋಡಿದಳು, ಮೇಡಂ ಓಡಿಬಂದು ಇಳಿಸಿದರು. ಅದೊಂದು ಜಗಳ ಬೇರೆ.

ಮೇಡಂ ನಿವೃತ್ತರಾದ ದಿನಕ್ಕೆ ಎರಡನೆಯ ಕಂತಿನ ಆದೇಶ ಬಂದಿರಲಿಲ್ಲ. ಸಮಾರಂಭದಲ್ಲಿ ಹಾರ ಹಾಕಿಸಿಕೊಳ್ಳುವಾಗಲೂ ಅವರ ಕಣ್ಣು ಬಾಗಿಲ ಕಡೆಗೇ ಇತ್ತು, ಟಪಾಲಿನವನು ಬಂದಾನೋ ಎನ್ನುವ ಹಾಗೆ. ಮುಗಿದ ಮೇಲೆ ನನ್ನ ಕಟ್ಟೆಗೆ ಬಂದು ಕೂತರು. ಸೇಬಿನ ಬುಟ್ಟಿ ಹೂವಿನವಳಿಗೆ ಕೊಟ್ಟರು. ಕಾಫಿ ಕುಡಿದು, ಸುಣ್ಣದ ಡಬ್ಬಿಯನ್ನು ನನ್ನ ಅಂಗಡಿಯ ಮೂಲೆಯಲ್ಲಿಟ್ಟು, "ಇಲ್ಲೇ ಇರ್ಲಿ ರೀ, ಊರಿಗೆ ಹೊತ್ಕೊಂಡು ಹೋಗಿ ಏನ್ ಮಾಡ್ಲಿ," ಎಂದರು. ಮೊಳಕಾಲ್ಮುರಿನ ಬಸ್ಸು ಅವರೇ ಮಾಡಿಸಿದ ಪಟ್ಟಿಯಲ್ಲಿ ಸರಾಗವಾಗಿ ಬಂತು. ಹತ್ತಿ, ಡ್ರೈವರ್ ಹಿಂದೆ ಕಂಬಿ ಹಿಡಿದು ನಿಂತುಕೊಂಡು ಹೋದರು. ಬಸ್ಸಿನಲ್ಲಿ ಸೀಟಿದ್ದರೂ ಕೂರುವ ಅಭ್ಯಾಸ ಅವರಿಗಿರಲಿಲ್ಲ, ರಸ್ತೆ ಕಾಣಬೇಕು.

ಆದೇಶ ಸಂಕ್ರಾಂತಿ ಕಳೆದ ಮೇಲೆ ಬಂತು. ಕೆಲಸ ಶುರುವಾಗಿ, ತೂಕದ ಕಟ್ಟೆ ದಾಟಿ, ಗಿರಣಿಗಳನ್ನು ದಾಟಿ ಪೇಟೆಯ ಬಾಯಿಗೆ ಬಂದು ನಿಂತಿತು. ಮುಂದಿನ ತುಂಡು ನಮ್ಮ ಬೀದಿ, ಅದರ ಆಚೆ ಕಾಲೇಜು. ಬಸ್ಸಿನ ಪಟ್ಟಿ ಬಿಟ್ಟು ನಮ್ಮ ಅಂಗಡಿಗಳ ಮುಂದೆ ಉಳಿದಿದ್ದ ಚೂರುಪಾರು ಜಾಗವೂ ಈಗ ಸೈಕಲ್ಲಿಗೆ ಬೇಕು. ಹೊಸ ಇಂಜಿನಿಯರ್ ಚಿಕ್ಕ ವಯಸ್ಸಿನವರು. ವ್ಯಾಪಾರಿಗಳ ಗದ್ದಲ ನೆನೆದು ಬೀದಿಗೆ ಬರಲು ಹಿಂದೆಮುಂದೆ ನೋಡುತ್ತಿದ್ದರು. ದಿನ ಹೋಗುತ್ತಿತ್ತು. ರತ್ನಮ್ಮನ ಮಗಳು ಹತ್ತನೇದು ಪಾಸಾಗಿದ್ದಳು. ರತ್ನಮ್ಮ ಎಣ್ಣೆಗೆ ಬಂದಾಗಲೆಲ್ಲ, ಆಯ್ತೇನ್ರಿ ಎಂದು ಕೇಳದೆ, ಬರೀ ಬೀದಿಯ ಕಡೆ ನೋಡಿ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಶಟರ್ ಎತ್ತಿದವನು ಮೂಲೆಯ ಡಬ್ಬಿ ತೆಗೆದುಕೊಂಡೆ. ಸುಣ್ಣ ತುಂಬಿ, ನನ್ನ ಅಂಗಡಿಯ ಮೆಟ್ಟಿಲಿನ ಮುಂದೆ ಬಗ್ಗಿ ಗೆರೆ ಹಾಕಿದೆ. ಸೊಂಟ ಹಿಡಿದುಕೊಂಡಿತು, ಗೆರೆ ಸೊಟ್ಟಗೆ ಬಂತು. ಪಕ್ಕದ ಹೋಟೆಲಿನವನು ಓಡಿಬಂದು, "ಲೇ, ನಿನಗೇನ್ ತಲೆ ಕೆಟ್ಟೈತಾ?" ಎಂದ. "ಬಾ, ಬೈ," ಎಂದು ಕಟ್ಟೆಯ ಮೇಲೆ ಕೂತು ಎರಡು ಕಾಫಿ ಹೇಳಿದೆ. ಜಗಳ ಮುಗಿಯಲು ಒಂದು ವಾರ ಹಿಡಿಯಿತು. ಗೆರೆ ಅಲ್ಲಲ್ಲಿ ಬಾಗಿತು, ಆಮೇಲೆ ಕೆಲಸವೂ ಆಯಿತು.

ಕಾಲೇಜು ಶುರುವಾದ ದಿನ ನಾನು ಅಂಗಡಿ ಬೇಗ ತೆರೆದು ಕಾದೆ. ರತ್ನಮ್ಮನ ಮಗಳು ನನ್ನ ಅಂಗಡಿಯ ಮುಂದೆಯೇ ಬೆಲ್ಲು ಹೊಡೆದುಕೊಂಡು ಹೋದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಕಾಲೇಜಿನ ಗೇಟು ಹೊಗುವುದನ್ನು ನೋಡಿ, ನಾನು ಮೊಳಕಾಲ್ಮುರಿಗೆ ಫೋನು ಮಾಡಿದೆ.

"ಹೋದ್ಲು ಮೇಡಂ."

"ಎಲ್ಲಾದ್ರೂ ಇಳಿದ್ಲಾ?"

"ಇಲ್ಲ. ನಮ್ಮವ್ವ ಊರಲ್ಲಿ ಹತ್ತಿಸಿ ಕಳ್ಸಿದ್ಲಂತೆ. ಕಾಲೇಜ್ ಗೇಟಿನ ತನಕ ಕಾಲು ನೆಲಕ್ಕೆ ಇಟ್ಟಿಲ್ಲ."